ಕೇರಿಯ ಎರಡು ಬೋರು

ಡಿಸೆಂಬರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಬ್ಯಾಗಿನಿಂದ ಒಂದು ಸ್ಟೀಲ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಮುಚ್ಚಳ ತಗದು ಮೂಸಿ ನೋಡ್ರಿ ಮೇಡಂ. ಆಮ್ಯಾಲೆ ಮಾತಾಡ್ತೀನಿ."

ಪಿಎಸ್‌ಐ ಅಮೃತಾ ಮೂಸಿದಳು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಗ್ಲಾಸಿಗೆ ಬಗ್ಗಿಸಿ ನೋಡಿದರೆ ನೀರೇ. ಮೇಲೆ ಮಾತ್ರ ತೆಳ್ಳಗೆ ಬಣ್ಣದ ಪೊರೆ ತೇಲುತ್ತಿತ್ತು.

"ಯಾವ ಊರು ನಿಮ್ದು?"

"ಸೊಲ್ಲಮ್ಮನಕಟ್ಟಿ ಕೇರಿ. ಇದು ನಮ್ಮ ಕೇರಿ ಬೋರಿನ ನೀರು."

"ಯಾವಾಗಿಂದ ಹಿಂಗಾಗೈತೆ?"

"ದೀಪಾವಳಿ ಆದಾಗಿಂದ. ಮೊದ್ಲು ಬರೇ ವಾಸನಿ ಇತ್ತು. ಈಗ ಜಳಕ ಮಾಡಿದ ಮಕ್ಕಳಿಗೆ ಮೈಯೆಲ್ಲ ಕಡಿತ. ಎರಡು ಮೇಕಿ ಸತ್ತವು."

ಆಕೆಯ ಹೆಸರು ಸಂಘಮಿತ್ರಾ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್, ಊರಿನಿಂದಲೇ ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪ ಭೀಮರಾಜ ಗ್ರಾಮ ಪಂಚಾಯಿತಿಯ ನೀರುಗಂಟಿ. ಕೇರಿಯ ಬೋರಿನ ಮೋಟರ್ ಹಾಕುವುದು, ಊರಿಗೂ ಕೇರಿಗೂ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ದೂರನ್ನು ಆಕೆ ಮನೆಯಲ್ಲೇ ಬರೆದುಕೊಂಡು ಬಂದಿದ್ದಳು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಆರೋಪಿಯ ಹೆಸರನ್ನೂ ಅವಳೇ ಬರೆದಿದ್ದಳು: ಹಾಲಸ್ವಾಮಿ, ಊರ ಮುಂದಿನ ಹೆದ್ದಾರಿಯ ಪೆಟ್ರೋಲ್ ಬಂಕಿನ ಮಾಲೀಕ.

"ಹಾಲಸ್ವಾಮೀನೇ ಅಂತ ಹೆಂಗೆ ಹೇಳ್ತೀರಿ?"

"ನೀರಾಗ ಪೆಟ್ರೋಲ್ ಬಂದ್ರ ಪೆಟ್ರೋಲ್ ಎಲ್ಲೈತಿ ಅಂತ ನೋಡಬೇಕಲ್ರಿ. ನಮ್ಮೂರಾಗ ಅದು ಇರೋದು ಒಂದ ಕಡಿ."

ಈ ಮಾತಿನಲ್ಲಿ ಹುಳುಕು ಹುಡುಕುವುದು ಕಷ್ಟವಿತ್ತು.

"ಈಗ ನೀರಿಗೆ ಏನು ಮಾಡ್ತಿದೀರಿ?"

ಅಲ್ಲಿಯವರೆಗೆ ಪಟಪಟ ಮಾತಾಡಿದ ಟೀಚರ್ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ಕೂತಳು.

"ಊರೊಳಗ ಗುಡಿ ಮುಂದ ನಲ್ಲಿ ಐತ್ರಿ. ಊರಾರು ತುಂಬ್ಕೊಂಡ ಮ್ಯಾಲೆ ನಮ್ಮ ಪಾಳಿ. ಯಾರೂ ಏನೂ ಅನ್ನಂಗಿಲ್ಲ, ಸುಳ್ಳು ಹೇಳಬಾರದು. ನಮ್ಮವ್ವನ ದೂರ ಸರದು ನಿಂತ್ಕೊಂತಾಳ. ಸಣ್ಣಾಕಿ ಇದ್ದಾಗ ಹಂಗ ನಿಂತಿದ್ಲಂತ, ಈಗ ಕಾಲು ತಾವ ಹಿಂದಕ ಹೋಗ್ತಾವ. ಆ ಬೋರು ಬಂದ ಮ್ಯಾಲೆ ಅಕಿ ಒಂದ್ ದಿನ ಗುಡಿ ಕಡಿ ಕೊಡ ಹಿಡಕೊಂಡು ಹೋದಾಕಿ ಅಲ್ಲ. ನಂಗ ಆ ಬೋರು ವಾಪಸ್ ಬೇಕ್ರಿ ಮೇಡಂ, ಅಷ್ಟ."

ಭಾರತೀಯ ನ್ಯಾಯ ಸಂಹಿತೆಯ ಕಲಂ ೨೭೯, ೨೮೬ರ ಅಡಿ ಎಫ್‌ಐಆರ್ ದಾಖಲಾಯಿತು. ಸಾರ್ವಜನಿಕ ನೀರಿನ ಮೂಲವನ್ನು ಕೆಡಿಸಿದ್ದು, ವಿಷಕಾರಿ ವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ. ಹೆಡ್ ಕಾನ್‌ಸ್ಟೇಬಲ್ ಯರ್ರೆಪ್ಪ ಟೈಪ್ ಮಾಡಿದ. ಊರಿನ ಹೆಸರು ಕೇಳಿದರೆ ಸಾಕು, ಅಲ್ಲಿಯ ನಾಲ್ಕು ತಲೆಮಾರಿನ ಕತೆ ಬಿಚ್ಚುವ ಮನುಷ್ಯ ಅವತ್ತು ತುಟಿ ಬಿಚ್ಚಲಿಲ್ಲ. ಅಮೃತಾ ಈ ಠಾಣೆಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಯರ್ರೆಪ್ಪ ಸುಮ್ಮನಿರುವುದನ್ನು ಅವಳು ಹಿಂದೆ ನೋಡಿರಲಿಲ್ಲ. ಹಲ್ಲುನೋವಿರಬೇಕು ಎಂದುಕೊಂಡಳು.

ಬುಧವಾರ ಪರಿಸರ ಅಧಿಕಾರಿ ಕ್ರಾಂತಿಕುಮಾರ್ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತು ಬಳ್ಳಾರಿಯಿಂದ ಬಂದ. ತಂಬ್ರಹಳ್ಳಿ ಕಡೆಯ ಹುಡುಗ, ನೌಕರಿಗೆ ಸೇರಿ ಎರಡು ವರ್ಷ. ಅವನು, ಅಮೃತಾ, ಯರ್ರೆಪ್ಪ ಮೂವರೂ ಮೊದಲು ಬಂಕಿಗೆ ಹೋದರು.

ಹಾಲಸ್ವಾಮಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದ. ಎಫ್‌ಐಆರ್ ಸುದ್ದಿ ಅವನಿಗಿಂತ ಮೊದಲು ಲಾರಿ ಡ್ರೈವರ್‌ಗಳಿಗೆ ಮುಟ್ಟಿತ್ತು.

"ನಿಮ್ಮ ಟ್ಯಾಂಕ್ ಸೋರ್ತಾ ಐತೇನು?"

"ಸೋರಿದ್ರ ನನ್ನ ಹೊಟ್ಟಿ ಉರೀತಿರಲಿಲ್ಲೇನ್ರಿ ಮೇಡಂ? ದಿನಾ ಬೆಳಿಗ್ಗೆ ಕೋಲು ಇಳಿಸಿ ಮಟ್ಟ ನೋಡ್ತೀನಿ. ನೀವೂ ನೋಡ್ರಿ."

ನೋಡಿದರು. ಟ್ಯಾಂಕನ್ನು ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿದರು. ಒತ್ತಡ ಇಳಿಯಲಿಲ್ಲ. ಕ್ರಾಂತಿಕುಮಾರ್ ತಿರುಪಿನಂಥ ಕಬ್ಬಿಣದ ಸಲಾಕೆಯನ್ನು ಕೈಯಿಂದ ತಿರುಗಿಸಿ ಟ್ಯಾಂಕಿನ ನಾಲ್ಕೂ ಕಡೆ ಆಳದ ಮಣ್ಣು ತೆಗೆದ. ಮಣ್ಣಿಗೆ ಮಣ್ಣಿನ ವಾಸನೆಯೇ ಇತ್ತು. ಬಂಕಿನ ಹಿಂದೆ ಹಾಲಸ್ವಾಮಿಯ ಸ್ವಂತ ಬೋರ್‌ವೆಲ್ ಇತ್ತು. ಅವನು ಒಂದು ಚೊಂಬು ನೀರು ಹಿಡಿದು, ಅವರೆದುರಿಗೇ ಗಟಗಟ ಕುಡಿದು, ಚೊಂಬನ್ನು ಬೋರಲು ಹಾಕಿ ತೋರಿಸಿದ.

"ಬಂಕಿನದಲ್ಲ ಮೇಡಂ," ಎಂದ ಕ್ರಾಂತಿಕುಮಾರ್, ಜೀಪಿನಲ್ಲಿ. "ಇಲ್ಲಿಂದ ಕೇರಿಗೆ ಹೋಗೋದಾದ್ರ ನಡುವಿನ ಈ ಬೋರು ಮೊದಲು ಕೆಡಬೇಕಿತ್ತು."

ಕೇರಿಯಲ್ಲಿ ಅರವತ್ತು ಚಿಲ್ಲರೆ ಮನೆ. ಅಮೃತಾಳ ಕಣ್ಣಿಗೆ ಮೊದಲು ಬಿದ್ದದ್ದು ಕೊಡಗಳು. ಬಾಗಿಲು ಬಾಗಿಲಿಗೂ ಪ್ಲಾಸ್ಟಿಕ್ ಕೊಡ. ಎಲ್ಲ ನೀಲಿ, ಎಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಯಾವ ಕೇರಿಯಲ್ಲಾದರೂ ಮನೆಗೆ ಒಂದಾದರೂ ಬಾಯಿ ಸೀಳಿದ, ಮೇಣ ಹಚ್ಚಿದ, ಬಣ್ಣ ಹೋದ ಕೊಡ ಇರುತ್ತದೆ. ಇಲ್ಲಿ ಇರಲಿಲ್ಲ. ಸಂಘಮಿತ್ರಾಳ ತಾಯಿ ಮಾಳಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಎಲ್ಲಾರೂ ಹೊಸ ಕೊಡ ತಗೊಂಡೀರಲ್ಲಮ್ಮ."

"ಹೂನ್ರಿ. ಕಾನಹೊಸಹಳ್ಳಿ ಸಂತ್ಯಾಗ ತಂದ್ವಿ."

"ನೀರು ಕೆಟ್ಟ ಮೇಲೇನು?"

"ಇಲ್ರಿ, ಮೊದ್ಲ. ಕಾರಹುಣ್ಣಿಮಿ ಹೊತ್ತಿಗೆ." ಅಂದವಳು ಅವರೆಕಾಯಿಯ ಕಡೆ ತಲೆ ತಗ್ಗಿಸಿದಳು. ಮತ್ತೆ ಎತ್ತಲಿಲ್ಲ.

ಕಾರಹುಣ್ಣಿಮೆ ಎಂದರೆ ಜೂನ್. ನೀರು ಕೆಟ್ಟದ್ದು ದೀಪಾವಳಿಗೆ. ಅಮೃತಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಕ್ರಾಂತಿಕುಮಾರ್ ಕೇರಿಯ ಸುತ್ತ ಸಲಾಕೆ ಇಳಿಸುತ್ತ ಬಂದ. ಕೇರಿಯ ಹಿಂಭಾಗದಲ್ಲಿ ತಂತಿಬೇಲಿ ಹಾಕಿದ ಒಂದು ತುಂಡು ಜಾಗ. ಅದರೊಳಗೆ ಎರಡು ಬೋರು. ಒಂದು ನಡೆಯುವುದು, ಮೋಟರ್ ಇರುವುದು. ಅದರಿಂದ ಮೂರು ಮಾರು ಆಚೆಗೆ ಇನ್ನೊಂದು, ಏಳೆಂಟು ವರ್ಷದ ಹಿಂದೆ ನೀರು ನಿಂತುಹೋದದ್ದು. ಊರವರು ಅದನ್ನು ಸತ್ತ ಬೋರು ಅನ್ನುತ್ತಿದ್ದರು. ಮಕ್ಕಳು ಬೀಳದಿರಲೆಂದು ಬಾಯಿಗೆ ಕಬ್ಬಿಣದ ತಟ್ಟೆ ಮುಚ್ಚಿ ನಾಲ್ಕು ನಟ್ಟು ಬಿಗಿದಿತ್ತು. ಬೇಲಿಯೊಳಗೆ ಮೊದಲ ಸಲ ಸಲಾಕೆ ತೆಗೆದಾಗಲೇ ಕ್ರಾಂತಿಕುಮಾರ್ ಮುಖ ಆ ಕಡೆ ತಿರುಗಿಸಿದ. ಮಣ್ಣು ಕಪ್ಪಗಿತ್ತು, ವಾಸನೆಗೆ ತಲೆ ಸುತ್ತುತ್ತಿತ್ತು.

ಮುಚ್ಚಳ ತೆಗೆಸಬೇಕು. ತೆಗೆಸುವ ಮೊದಲು ಪಂಚನಾಮೆ. ಪಂಚನಾಮೆಗೆ ಇಬ್ಬರು ಪಂಚರು.

ಅಷ್ಟು ಹೊತ್ತು ಬೇಲಿಯ ಸುತ್ತ ನೆರೆದಿದ್ದ ಜನಕ್ಕೆ ಒಮ್ಮೆಲೇ ಕೆಲಸಗಳು ನೆನಪಾದವು. ಒಬ್ಬನ ಮೇಕೆ ಹೊಲಕ್ಕೆ ನುಗ್ಗಿತ್ತು. ಇನ್ನೊಬ್ಬನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಸಾಕು ಎಂದರೆ ಅವನಿಗೆ ಹೆಬ್ಬೆಟ್ಟಿನಲ್ಲಿ ಗಾಯವಾಗಿತ್ತು. ಎಂಥ ಪಂಚನಾಮೆಯಾದರೂ ಬಗ್ಗಿ ನೋಡಲು ನೂಕಾಡುವ ಜನ ಇಲ್ಲಿ ಹಿಂದಕ್ಕೆ ಸರಿಯುತ್ತಿದ್ದರು. ಕೊನೆಗೆ ಯರ್ರೆಪ್ಪ ಹೆದ್ದಾರಿಯ ಚಹಾ ಅಂಗಡಿಯಿಂದ ಇಬ್ಬರನ್ನು ಹಿಡಿದು ತಂದ.

ನಟ್ಟು ಬಿಚ್ಚಲು ಪಾನಾ ಬೇಕಾಯಿತು. ಭೀಮರಾಜ ತನ್ನ ಸೊಂಟದಲ್ಲಿದ್ದ ಪಾನಾ ತೆಗೆದು ಕೊಟ್ಟ. ಬೆಳ್ಳಗಿನ ಅಂಗಿ, ತೆಳ್ಳಗಿನ ಆಳು, ಅರವತ್ತರ ಹತ್ತಿರ. ನಾಲ್ಕೂ ನಟ್ಟು ಸಲೀಸಾಗಿ ಬಿಚ್ಚಿದವು. ಏಳೆಂಟು ವರ್ಷ ಮುಟ್ಟದ ನಟ್ಟು ಹಾಗೆ ಬಿಚ್ಚುವುದಿಲ್ಲ. ತಟ್ಟೆ ಸರಿಸಿದ ಕೂಡಲೇ ಪೆಟ್ರೋಲಿನ ಆವಿ ಗಪ್ಪೆಂದು ಮೇಲೆ ಬಂತು. ಪಂಚರಿಬ್ಬರೂ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, "ಏನಿದು, ಏನಿದು" ಅನ್ನುತ್ತ ಹಿಂದೆ ಓಡಿದರು. ದೂರದಲ್ಲಿ ನಿಂತಿದ್ದ ಕೇರಿಯವರು ಯಾರೂ ಏನೆಂದು ಕೇಳಲಿಲ್ಲ.

ಅಮೃತಾ ಯರ್ರೆಪ್ಪನನ್ನು ಜೀಪಿನ ಹತ್ತಿರ ಕರೆದಳು.

"ಕಾರಹುಣ್ಣಿಮೆ ಹೊತ್ತಿಗೆ ಈ ಊರಲ್ಲಿ ಏನಾಗಿತ್ತು?"

ಯರ್ರೆಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೆದ್ದಾರಿ ತಿರುವಿನ್ಯಾಗ ಪೆಟ್ರೋಲ್ ಟ್ಯಾಂಕರ್ ಬಿದ್ದಿತ್ತು ಮೇಡಂ. ಮಂದಿ ಮುಕುರ್ಕೊಂಡು ತುಂಬ್ಕೊಂಡು ಹೋದ್ರು. ಕೊಡ, ಬಕೀಟು, ಸಿಕ್ಕಿದ್ದರಾಗ. ಊರಾರೂ ಬಂದಿದ್ರು, ಕೇರಿಯಾರೂ ಬಂದಿದ್ರು."

ಪೆಟ್ರೋಲ್ ತುಂಬಿದ ಕೊಡಕ್ಕೆ ಮತ್ತೆ ನೀರು ತುಂಬಲು ಬರುವುದಿಲ್ಲ; ಹೊಸ ಕೊಡಗಳ ಲೆಕ್ಕ ಅಮೃತಾಳಿಗೆ ಸಿಕ್ಕಿತು. "ಆ ಟ್ಯಾಂಕರ್ ಫೈಲು ನೋಡೀನಿ. ಅದರಲ್ಲಿ ಸೋರಿದ್ದೆಲ್ಲ ನೆಲಕ್ಕೆ ಇಂಗಿತು ಅಂತ ಬರೆದೈತಲ್ಲ."

"ಹಂಗ ಬರದ್ವಿ."

"ಆಮೇಲೆ?"

"ಆಮ್ಯಾಲೆ ಆಗಿನ ಸಾಹೇಬ್ರಿಗೆ ಗಾಬರಿ ಆತು. ಮನಿಮನ್ಯಾಗ ಪೆಟ್ರೋಲ್, ಮನಿಮನ್ಯಾಗ ಒಲಿ. ಒಂದ್ ಕಿಡಿ ಬಿದ್ರ ಊರ ಇರಂಗಿಲ್ಲ. ನನ್ನ ಕೈಯಾಗ ಮೈಕ್ ಕೊಟ್ರು. ಜೀಪ್‌ನ್ಯಾಗ ಕೂತು ಕೂಗ್ಕೊಂತ ಹೋದ್ವಿ. ಪೆಟ್ರೋಲ್ ಮನ್ಯಾಗ ಇಟ್ಕೊಂಡಾರ ಮ್ಯಾಲೆ ಕಳವಿನ ಕೇಸ್ ಹಾಕ್ತೀವಿ, ಸಂಜಿಯೊಳಗ ಚೆಲ್ರಿ ಅಂತ."

"ಎಲ್ಲಿ ಚೆಲ್ಲಬೇಕು ಅಂತ ಹೇಳಿದ್ರಾ?"

ಯರ್ರೆಪ್ಪ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. ಅವನು ಕೆಟ್ಟ ಮನುಷ್ಯನಲ್ಲ. ಅವತ್ತು ಗಂಟಲು ಕಟ್ಟುವವರೆಗೆ ಕೂಗಿದ್ದ. ಅದರಿಂದ ಒಂದು ಮನೆಯೂ ಸುಡಲಿಲ್ಲ ಎಂಬುದೂ ನಿಜ.

"ಇಲ್ಲ ಮೇಡಂ. ಅದು ಹೊಳೀಲಿಲ್ಲ."

ಭೀಮರಾಜನ ವಿಚಾರಣೆ ಪಂಚಾಯಿತಿ ಕಚೇರಿಯ ವರಾಂಡದಲ್ಲಿ ನಡೆಯಿತು. ಅವನು ಕೂರಲು ಒಪ್ಪಲಿಲ್ಲ.

"ಸತ್ತ ಬೋರಿನ ಮುಚ್ಚಳ ಯಾರು ತೆಗೆದದ್ದು?"

"ನಾನ ತಗದಿದ್ದು."

"ಸುರಿದವರು ಯಾರು?"

"ಮುಚ್ಚಳ ನಾನು ತಗದೆ ಮೇಡಂ. ಅಷ್ಟ ಬರ್ಕೊಳ್ರಿ."

"ನೀವೂ ಪೆಟ್ರೋಲ್ ತುಂಬ್ಕೊಂಡು ಬಂದಿದ್ರಾ?"

"ಇಲ್ಲ. ನಾನು ವಾಲ್ವ್ ತಿರುಗಿಸಾಕ ಹೋಗಿದ್ದೆ. ಮನಿಗೆ ಬಂದೆ. ನಮ್ಮಾಕಿ ಒಲಿ ಹಚ್ಯಾಳ, ಬಾಜೂಕ ಬಾಯಿ ಮುಚ್ಚಿದ ನಾಕು ಕೊಡ. ನೀರು ಅನ್ಕೊಂಡೆ. ಚೊಂಬು ಅದ್ದಿದ ಮ್ಯಾಲೆ ಗೊತ್ತಾತು. ಒಲಿಗೆ ಮಣ್ಣು ಸುರುವಿದೆ. ಅಷ್ಟರಾಗ ನಿಮ್ಮ ಜೀಪ್ ಕೂಗ್ಕೊಂತ ಬಂತು."

"ಊರವರು ಏನು ಮಾಡಿದ್ರು?"

"ತಮ್ಮ ತಮ್ಮ ಹೊಲದಾಗ ಚೆಲ್ಲಿದ್ರು. ದೂರ ದೂರ."

"ನೀವು ಬೋರಿಗೆ ಸುರಿಸಿದ್ರಿ. ಪಕ್ಕದ್ದೇ ಕುಡಿಯೋ ನೀರಿನ ಬೋರು ಅಂತ ಗೊತ್ತಿರಲಿಲ್ವಾ?"

"ಅದು ಸತ್ತಿತ್ತಲ್ರಿ." ಭೀಮರಾಜ ಮೊದಲ ಸಲ ಅವಳ ಮುಖ ನೋಡಿದ. "ನಾನ ಮೋಟರ್ ಇಳಿಸಿ ನೋಡಿದ್ದೆ, ಹನಿ ನೀರಿರಲಿಲ್ಲ. ಇದಕ್ಕ ನೀರು ಬಂದೈತಿ, ಅದಕ್ಕ ಬರವಲ್ದು ಅಂದ್ರ ಒಂದಕ್ಕೊಂದು ಸಂಬಂಧ ಇಲ್ಲ ಅಂತ ಅಲ್ಲೇನ್ರಿ? ನಾನು ಹಂಗ ತಿಳ್ಕೊಂಡೆ."

ಕ್ರಾಂತಿಕುಮಾರ್ ಹೇಳಿದ. ತಿಳಿಯುವ ಹಾಗೆ, ನಿಧಾನಕ್ಕೆ ಹೇಳಿದ. ಕೆಳಗೆ ಬಂಡೆ, ಬಂಡೆಯಲ್ಲಿ ಬಿರುಕು. ಬೇಸಗೆಯಲ್ಲಿ ಬಿರುಕುಗಳು ಒಣಗಿದ್ದವು. ಮಳೆ ಬಂದ ಮೇಲೆ ನೀರು ಏರಿತು, ಸತ್ತ ಬೋರಿನಲ್ಲೂ ಏರಿತು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ನೀರು ಅದನ್ನು ಎತ್ತಿಕೊಂಡು ಬಿರುಕು ಹಿಡಿದು ಈ ಕಡೆ ಬಂತು.

ಭೀಮರಾಜ ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸಿದ. ಆಮೇಲೆ ಕೇಳಿದ. "ವಾಸನಿ ಬಂದ ಮ್ಯಾಲೆ ನಾನು ಕರೆಂಟ್ ಇದ್ದಷ್ಟು ಹೊತ್ತೂ ಮೋಟರ್ ಹಚ್ಚೀನಿ ಸಾರ್. ಹೊಲಸೆಲ್ಲ ಹೊರಗ ಹೋಗ್ಲಿ ಅಂತ, ಮೋರಿಗೆ ಬಿಟ್ಟೀನಿ. ಇನ್ನೂ ಎಷ್ಟು ದಿನ ಹಚ್ಚಿದ್ರ ಶುದ್ಧ ಆಕ್ಕತಿ?"

ಕ್ರಾಂತಿಕುಮಾರ್ ತನ್ನ ಪೆಟ್ಟಿಗೆಯ ಕೊಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ. "ಮೋಟರ್ ಬಂದ್ ಮಾಡ್ರಿ ಯಜಮಾನ್ರೆ," ಎಂದಷ್ಟೇ ಹೇಳಿದ. ಹೊರಗೆ ಬಂದ ಮೇಲೆ ಉಳಿದದ್ದನ್ನು ಅಮೃತಾಳಿಗೆ ಹೇಳಿದ. ಮೋಟರ್ ಹಾಕಿದಷ್ಟೂ ನಡೆಯುವ ಬೋರು ಸುತ್ತಲ ನೀರನ್ನು ತನ್ನ ಕಡೆ ಎಳೆಯುತ್ತದೆ. ಭೀಮರಾಜ ತೊಳೆಯುತ್ತಿದ್ದೇನೆ ಅಂದುಕೊಂಡಿದ್ದ. ದಿನದಿನಕ್ಕೂ ಇನ್ನಷ್ಟು ಎಳೆದುಕೊಳ್ಳುತ್ತಿದ್ದ.

"ಎಷ್ಟು ವರ್ಷಕ್ಕೆ ಸರಿ ಹೋಗ್ತೈತೆ?"

"ಹೇಳಾಕ ಬರಂಗಿಲ್ಲ ಮೇಡಂ. ಬಂಡಿ ಬಿರುಕಿನ್ಯಾಗ ಕೂತಿದ್ದನ್ನ ತೊಳಿಯೋದು ಅಂದ್ರ ದೊಡ್ಡ ಕೆಲಸ. ವರದಿ ಬರೀತೀನಿ. ಎರಡೂ ಬೋರು ಸೀಲ್ ಮಾಡ್ರಿ ಅಂತ ಬರೀಬೇಕಾಕ್ಕತಿ. ಇಲ್ಲಿ ಹತ್ರ ಇನ್ನೊಂದು ಕೊರೆಸಾಕೂ ಬರಂಗಿಲ್ಲ."

ಅಮೃತಾ ಮೇಲಧಿಕಾರಿಗೆ ಫೋನ್ ಮಾಡಿದಳು. ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು, ಆ ಕಡೆಯ ಧ್ವನಿಗೆ ಅವಸರವಿತ್ತು.

"ಆರೋಪಿ ಯಾರಮ್ಮ?"

"ಸರ್, ಸುರಿದದ್ದು ಇಡೀ ಕೇರಿ. ಅರವತ್ತು ಮನೆ. ಚೆಲ್ಲಿ ಅಂತ ಹೇಳಿದ್ದು ನಮ್ಮ ಜೀಪು."

"ಅರವತ್ತು ಮನೆ ಮೇಲೆ ಕೇಸ್ ಹಾಕಿದ್ರೆ ಅದು ಕೇಸಲ್ಲ, ಗಲಾಟೆ. ಮುಚ್ಚಳ ತೆಗೆದವನು ಒಬ್ಬ ತಾನೇ? ಅವನನ್ನ ಅರೆಸ್ಟ್ ತೋರಿಸಿ. ಜೀಪಿನ ವಿಷಯ ಈ ತನಿಖೆಗೆ ಬರಲ್ಲ."

"ಸರ್, ಅದು ಬರೆಯದೆ ಹೋದ್ರೆ ಅವನು ಯಾಕೆ ಮಾಡಿದ ಅನ್ನೋದೇ ಗೊತ್ತಾಗಲ್ಲ."

"ಯಾಕೆ ಅನ್ನೋದು ಕೋರ್ಟ್ ಕೇಳಿದ್ರೆ ನೋಡೋಣ."

ಅಮೃತಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಹಳೆಯ ಸಾಹೇಬರ ಮೇಲೆ ಹಾಕೋಣವೆಂದರೆ ಆತ ಜನ ಸುಟ್ಟು ಸಾಯದಿರಲಿ ಎಂದೇ ಕೂಗಿಸಿದ್ದ. ಯರ್ರೆಪ್ಪನ ಮೇಲೆ ಹಾಕೋಣವೆಂದರೆ ಅವನು ಬೋರಿನ ಮುಚ್ಚಳ ತೆಗೆದ ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲ. ಕೊಡ ಹಿಡಿದು ಓಡಿದ ಹೆಂಗಸರ ಮೇಲೆ ಹಾಕೋಣವೆಂದರೆ, ರಸ್ತೆಯಲ್ಲಿ ಪೆಟ್ರೋಲ್ ಹೊಳೆಯಾಗಿ ಹರಿದರೆ ಕಾರಿನಲ್ಲಿ ಹೋಗುವವರೂ ಇಳಿದು ಬಾಟಲಿ ಹಿಡಿಯುತ್ತಾರೆ. ಅರೆಸ್ಟ್ ಮೆಮೋದಲ್ಲಿ ಇಷ್ಟಕ್ಕೆಲ್ಲ ಜಾಗವಿರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಭೀಮರಾಜನ ದಸ್ತಗಿರಿಯಾಯಿತು. ಪಾನಾವನ್ನು ಮುದ್ದೆಮಾಲು ಎಂದು ಚೀಟಿ ಅಂಟಿಸಿ ವಶಕ್ಕೆ ತೆಗೆದುಕೊಂಡರು. ಪಂಚಾಯಿತಿ ಅವನನ್ನು ಕೆಲಸದಿಂದ ಬಿಡಿಸಿತ್ತು. ಜೀಪು ಹತ್ತುವಾಗ ಮಾಳಮ್ಮ ಅಡ್ಡ ಬಂದಳು.

"ಕೊಡ ತುಂಬಿಸಿದ್ದು ನಾನ್ರಿ. ಮೊದಲ ಕೊಡ ಸುರುವಿದ್ದೂ ನಾನು. ನನ್ನ ಹೆಸರು ಬರ್ಕೊಳ್ರಿ."

"ಸುಮ್ಕಿರಲೇ," ಎಂದ ಭೀಮರಾಜ. ಗದರಲಿಲ್ಲ, ಮೆಲ್ಲಗೆ ಹೇಳಿದ. "ನೀನೂ ಬಂದ್ರ ನೀರಿಗೆ ಯಾರು ಹೋಗ್ತಾರ?"

ಅಮೃತಾ ಮಾಳಮ್ಮನ ಹೆಸರು ಬರೆದುಕೊಳ್ಳಲಿಲ್ಲ. ಅದೊಂದೇ ಅವಳ ಕೈಯಲ್ಲಿದ್ದ ಕೆಲಸ.

ಜಾಮೀನು ಸಿಗುವ ಅಪರಾಧ. ಸಂಜೆ ಶಾಲೆ ಬಿಟ್ಟ ಬಸ್ಸಿಗೇ ಸಂಘಮಿತ್ರಾ ಠಾಣೆಗೆ ಬಂದಳು. ಹೆಗಲಿನಲ್ಲಿ ಅದೇ ಬ್ಯಾಗು.

"ಕಂಪ್ಲೇಂಟ್ ವಾಪಸ್ ತಗೊಳ್ಳಾಕ ಬರತೈತೇನ್ರಿ?"

"ಇಲ್ಲಮ್ಮ. ಇದು ಈಗ ನಿಮ್ಮ ಕೇಸಲ್ಲ, ಸರ್ಕಾರದ್ದು."

"ಮತ್ತ ಹಾಲಸ್ವಾಮೇರ ಹೆಸರಾರ ತಗೀರಿ. ಟ್ಯಾಂಕರ್ ಬಿದ್ದ ವಾರ ನಾನು ಟ್ರೇನಿಂಗಿಗೆ ಹೊರಗ ಹೋಗಿದ್ದೆ, ಬೋರಿಗೆ ಸುರುವಿದ್ದು ನಂಗ ಯಾರೂ ಹೇಳಿರಲಿಲ್ಲ; ಅವರದ ಅಂತ ಬರದಿದ್ದೆ. ಅವರ ಮನಿಗೆ ಹೋಗಿ ತಪ್ಪಾತು ಅಂತ ಹೇಳಿ ಬಂದೆ. ನೀರು ಕುಡಿತಿಯೇನವ್ವ ಅಂತ ಕೇಳಿದ್ರು. ಕುಡೀಲಿಲ್ಲ."

"ತೆಗೆದೀನಿ. ಜಾಮೀನು ಯಾರು ಹಾಕ್ತಾರೆ?"

"ನಾನ."

ದೂರುದಾರಳೇ ಆರೋಪಿಗೆ ಜಾಮೀನು ನಿಂತ ಕೇಸನ್ನು ಯರ್ರೆಪ್ಪ ತನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ. ಅವಳು ಸಹಿ ಮಾಡುವ ಜಾಗಕ್ಕೆ ಅವನೇ ಬೆರಳಿಟ್ಟು ತೋರಿಸಿದ. ಅವಳಿಗೆ ಅಕ್ಷರಗಳು ಕಾಣುತ್ತಿರಲಿಲ್ಲ.

ಭೀಮರಾಜನನ್ನು ಬಿಡುವ ಮೊದಲು ಅಮೃತಾ ಕೊನೆಯದೊಂದು ಪ್ರಶ್ನೆ ಕೇಳಿದಳು. ಕಾಗದಕ್ಕಲ್ಲ, ತನಗೆ ಬೇಕಾಗಿತ್ತು.

"ಊರವರ ಹಂಗೆ ನೀವೂ ಎಲ್ಲಾದ್ರೂ ಹೊಲದಲ್ಲಿ ಚೆಲ್ಲಬೇಕಿತ್ತು. ಬೋರಿಗೇ ಯಾಕೆ?"

"ಯಾರ ಹೊಲ್ದಾಗ ಮೇಡಂ?" ಭೀಮರಾಜ ನಿಜವಾಗಿಯೂ ಕೇಳುತ್ತಿದ್ದ. "ಕೇರಿಗೆ ಬೆನ್ನಿಗಿರೋ ಹೊಲ ಹಾಲಸ್ವಾಮೇರ್ದು. ಎದುರಿಂದು ಊರಾರ್ದು. ಚೆಲ್ಲಿದ್ರ ಬೆಳಿ ಸುಟ್ಟು ಹೋಕ್ಕಾವ, ನಾಳೆ ನಮ್ಮನ್ನ ಸುಮ್ನ ಬಿಡ್ತಾರೇನು? ಹಳ್ಳಕ್ಕ ಬಿಡೂಣಂದ್ರ ದನ ಕುಡೀತಾವ. ಜೀಪ್ ನೋಡಿದ್ರ ಸಂಜಿಯೊಳಗ ಅಂತ ಕೂಗಾಕತ್ತಿತ್ತು. ಬೋರಿನ ಆ ಬೇಲಿ ಜಾಗ ಒಂದ ಕೇರಿದು. ನಾನ ಕಚೇರಿಗೆ ಹನ್ನೊಂದು ವರ್ಷ ಅಡ್ಯಾಡಿ ಬರೆಸ್ಕೊಂಡಿದ್ದು. ಯಾರಿಗೂ ತೊಂದ್ರಿ ಆಗಬಾರ್ದು ಅಂತ ನಮ್ಮ ಜಾಗದಾಗ ಸುರುವಿದ್ವಿ."

ದೋಷಾರೋಪಣ ಪಟ್ಟಿಯ ಕರಡಿನಲ್ಲಿ ಅಮೃತಾ ಇದನ್ನೂ ಮೈಕಿನ ವಿಷಯವನ್ನೂ ಸೇರಿಸಿ ಒಂದು ಪ್ಯಾರಾ ಬರೆದಳು. ಮೇಲಿನಿಂದ ತಿದ್ದಿ ಬಂದ ಪ್ರತಿಯಲ್ಲಿ ಆ ಪ್ಯಾರಾ ಇರಲಿಲ್ಲ. ಅವಳು ಮತ್ತೆ ಸೇರಿಸಿ ಕಳಿಸಿದಳು. ಅದು ಇನ್ನೂ ತಿರುಗಿ ಬಂದಿಲ್ಲ.

ಮರುವಾರ ಎರಡೂ ಬೋರುಗಳಿಗೆ ಸೀಲ್ ಹಾಕಿಸಲು ಹೋದಾಗ ಜೀಪು ಗುಡಿಯ ಮುಂದಿನಿಂದ ಹಾಯಿತು. ನಲ್ಲಿಯ ಹತ್ತಿರ ಊರ ಹೆಂಗಸರು. ಅವರಿಂದ ಆಚೆಗೆ, ಬೇವಿನ ಗಿಡದ ಬುಡದಲ್ಲಿ ಮಾಳಮ್ಮ ನೀಲಿ ಕೊಡ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಂದು ಕೊಡ ಹಿಡಿದು ಭೀಮರಾಜನೂ ನಿಂತಿದ್ದ. ನಿನ್ನೆ ಮೊನ್ನೆಯವರೆಗೆ ಇಡೀ ಊರಿಗೆ ನೀರು ಬಿಡುತ್ತಿದ್ದ ಆಳು.

ಅಮೃತಾ ಜೀಪು ನಿಲ್ಲಿಸಲು ಹೇಳಿದಳು. ಇಳಿದು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಕೂತಳು.

ಊರವರದು ಮುಗಿಯಿತು. ಕೊನೆಯ ಹೆಂಗಸು ಹೋಗುತ್ತ, "ಬಾ ಮಾಳಮ್ಮ, ನಿಂದು ತುಂಬ್ಕ," ಎಂದು ಪ್ರೀತಿಯಿಂದಲೇ ಕರೆದು, ನಲ್ಲಿಗೆ ಸಿಕ್ಕಿಸಿದ್ದ ತನ್ನ ಪೈಪನ್ನು ಬಿಚ್ಚಿಕೊಂಡು ಹೋದಳು. ಭೀಮರಾಜ ಕೊಡ ಇಟ್ಟು ನಲ್ಲಿ ತಿರುಗಿಸಿದ. ಕೊಡ ತುಂಬುವವರೆಗೆ ಬಗ್ಗಿ ಮೂಸುತ್ತಲೇ ಇದ್ದ. ಆ ನೀರಿಗೆ ಯಾವ ವಾಸನೆಯೂ ಇರಲಿಲ್ಲ.